ಎಡಗಾಲಿನ ಕೆಲಸ

ಮಿಸ್ತ್ರಿ ದುಂಡಪ್ಪ ಮೋಟಾರಿನ ಅಡಿಯಿಂದ ಜಾರಿ ಹೊರಗೆ ಬಂದು, ಬಿಚ್ಚಿದ ಕ್ಲಚ್ ಪ್ಲೇಟನ್ನು ಬೀರಸಿದ್ದಪ್ಪನ ಕೈಗಿಟ್ಟು, ಬೀಡಿ ಹಚ್ಚಿದ. ಪ್ಲೇಟು ತಣ್ಣಗಿತ್ತು, ಸುಟ್ಟ ವಾಸನೆ ಮಾತ್ರ ಇನ್ನೂ ಹೋಗಿರಲಿಲ್ಲ. ಅಂಚು ಸವೆದು ರಿವೆಟ್ಟುಗಳ ತಲೆ ಹೊರಬಿದ್ದಿದ್ದವು. ಬೀರಸಿದ್ದಪ್ಪ ಅದನ್ನು ಮೂಗಿನ ಹತ್ತಿರ ಹಿಡಿದ. ಒಂಬತ್ತು ವರ್ಷ ಈ ಗಾಡಿಯನ್ನು ಗೋಕಾಕದಿಂದ ಒಂದು ದಿನ ಮೂಡಲಗಿಗೆ, ಒಂದು ದಿನ ಹುಕ್ಕೇರಿಗೆ ಒಯ್ದು ತಂದವನು ಅವನು. ಅವನ ಕಾಲು ಒಮ್ಮೆಯೂ ಈ ವಾಸನೆ ಎಬ್ಬಿಸಿರಲಿಲ್ಲ.

"ಹಿಂಗ್ಯಾಕ ನೋಡ್ತಿ? ನಿನ್ನ ಕಾಲಿನ ಕೆಲಸ ಅಲ್ಲಿದು" ಎಂದ ದುಂಡಪ್ಪ. "ಯಾರೋ ಕಲಿಯಾಕತ್ತಾರ. ಅರ್ಧಾ ಒತ್ತಿ, ಅರ್ಧಾ ಬಿಟ್ಟು, ಅದರ ಮ್ಯಾಲ ಕಾಲ ಇಟ್ಗೊಂಡಽ ಹೋಗ್ಯಾರ."

ತನ್ನ ಕಾಲನ್ನು ಮಿಸ್ತ್ರಿ ಗುರುತಿಸಿದನೆಂದು ಬೀರಸಿದ್ದಪ್ಪನಿಗೆ ಒಂದು ಕ್ಷಣ ಹಿಗ್ಗಾಯಿತು. ಮರುಕ್ಷಣ, ಹಾಗಾದರೆ ಇನ್ನೊಂದು ಕಾಲನ್ನೂ ಇವನು ಗುರುತಿಸಿದ ಎನಿಸಿ ಕಸಿವಿಸಿಯಾಯಿತು. ಅದು ಗಾಡಿಯ ಒಡತಿ ಡಾಕ್ಟರಬಾಯಾರ ಕಾಲು. ಕಂದು ಚಪ್ಪಲಿಯ ಚಿಕ್ಕ ಕಾಲು, ನಡೆಯುವಾಗ ಎಡಕ್ಕೆ ಒಂದಿಷ್ಟು ವಾಲುವ ಕಾಲು. ಅದರ ಅಂಜಿಕೆಯೆಲ್ಲ ಈ ಗ್ರೀಸು ಮೆತ್ತಿದ ತಗಡಿನ ಷೆಡ್ಡಿನಲ್ಲಿ ಬಯಲಿಗೆ ಬಿದ್ದಿದೆ. ಅದಕ್ಕಿಂತ ಹೆಚ್ಚು ಅವನನ್ನು ಸುಟ್ಟದ್ದು, ಆ ಅಂಜಿಕೆಯ ಪಕ್ಕದಲ್ಲಿ ಕುಳಿತು ಕಲಿಸುವ ಮಾಯಪ್ಪನ ದನಿ: "ಇನ್ನಷ್ಟ ಬಿಡ್ರಿ, ಡಾಕ್ಟರ್. ಅಂಜಬ್ಯಾಡ್ರಿ, ನಾ ಅದೇನಿ." ನಾ ಅದೇನಿ ಅಂತೆ. ಒಂಬತ್ತು ವರ್ಷದಲ್ಲಿ ಬೀರಸಿದ್ದಪ್ಪ ಆ ಮಾತನ್ನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಆಡಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ.

ಡಾಕ್ಟರ್ ಪದ್ಮಾವತಿ ಗೋಕಾಕದಲ್ಲಿ ದವಾಖಾನೆ ಇಟ್ಟಾಗ ಅವರಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಕರಿಬಣ್ಣದ ಈ ಹಳೇ ಮೋಟಾರು ಅವರ ತಂದೆಯದು. ಗಾಡಿಯ ಜೊತೆಗೆ ಡ್ರಾಯವ್ಹರ್ ಎಂದು ಬಂದ ಬೀರಸಿದ್ದಪ್ಪನಿಗೆ ಮೊದಲ ದಿನವೇ ಅವರು ತಾವು ಕುಡಿಯುವಂಥದೇ ಕಪ್ಪಿನಲ್ಲಿ ಚಹಾ ಕೊಟ್ಟಿದ್ದರು. ಹೆರಿಗೆ ಮಾಡಿಸಿ ದಣಿದು ಬಂದರೆ ಹಿಂದಿನ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆ ಹೋಗುತ್ತಿದ್ದರು. ಆ ನಿದ್ದೆ ಕೆಡದ ಹಾಗೆ ಗೇರು ಬದಲಿಸುವುದನ್ನು ಅವನು ತಾನೇ ತನಗೆ ಕಲಿಸಿಕೊಂಡಿದ್ದ. ಕ್ಲಚ್ಚನ್ನು ಎಲ್ಲಿ ಬಿಟ್ಟರೆ ಗಾಡಿ ಉಸಿರು ತೆಗೆದುಕೊಂಡಂತೆ ಮುಂದೆ ಸರಿಯುತ್ತದೆ, ಯಾವ ತಗ್ಗಿನಲ್ಲಿ ಎಷ್ಟು ಮೊದಲೇ ವೇಗ ಇಳಿಸಬೇಕು, ಎಲ್ಲ ಅವನ ಎಡಗಾಲಿಗೆ ಬಾಯಿಪಾಠ. ಕನ್ನಡಿಯಲ್ಲಿ ಅವರ ಮುಚ್ಚಿದ ಕಣ್ಣು ಕಂಡಾಗ ಎದೆಯೊಳಗೆ ಏನೋ ನೆಟ್ಟಗಾಗುತ್ತಿತ್ತು. ಅದಕ್ಕೆ ಅವನು ಹೆಸರಿಟ್ಟಿರಲಿಲ್ಲ. ಮನೆಯಲ್ಲಿ ಹೆಂಡತಿ ಕಾಶೆವ್ವ ಇದ್ದಳು, ಇಬ್ಬರು ಹೆಣ್ಣುಮಕ್ಕಳಿದ್ದರು. ಹೆಸರಿಡುವಂಥದ್ದು ಏನೂ ಇಲ್ಲವೆಂದೇ ಅವನು ತಿಳಿದಿದ್ದ.

ಮಾಯಪ್ಪ ಬಂದದ್ದು ಹೋದ ದೀಪಾವಳಿಯ ಮುಂದೆ. ಹಿಡಕಲ್ಲಿನಲ್ಲಿ ಆಣೆಕಟ್ಟಿನ ಅಳತೆ ನಡೆದಿತ್ತು, ಅದರ ಓವರ್ಸಿಯರ್ ಅವನು. ಕೂಲಿಯವರ ಕೇರಿಯಲ್ಲಿ ವಾಂತಿಭೇದಿ ಎದ್ದಾಗ ಡಾಕ್ಟರನ್ನು ಕರೆಯಲು ತಾನೇ ಜೀಪು ನಡೆಸಿಕೊಂಡು ಬಂದಿದ್ದ. ಕಿಸೆಯಲ್ಲಿ ಎರಡು ಪೆನ್ನು, ತೋಳು ಮಡಿಸಿದ ಬಿಳಿ ಅಂಗಿ. ಬೀರಸಿದ್ದಪ್ಪನನ್ನು ಕಂಡೊಡನೆ "ಏನ್ ಕಾಕಾ, ಆರಾಮ ಅದೀರೇನ್ರಿ?" ಎಂದಿದ್ದ. ಕಾಕಾ! ಮೂವತ್ತಾದವನು ನಲವತ್ತೆರಡರವನನ್ನು ಕಾಕಾ ಎಂದರೆ ಅದು ಮರ್ಯಾದೆಯೋ, ಮೂಲೆಗೆ ಸರಿಸುವುದೋ? ಅವನು ಹುಕ್ಕೇರಿಯಲ್ಲಿ ಊರ ಹೊರಗಿನ ಕೇರಿಯವನೆಂದು ಬೀರಸಿದ್ದಪ್ಪನಿಗೆ ಯಾರೋ ಹೇಳಿದರು. ಆ ಸಂಗತಿಯನ್ನು ಅವನು ಬಾಯಲ್ಲಿ ಎಲೆಯಡಿಕೆಯಂತೆ ಬಹಳ ಹೊತ್ತು ಇಟ್ಟುಕೊಂಡ. ಒಂದು ದಿನ ಹುಕ್ಕೇರಿಯ ದಾರಿಯಲ್ಲಿ, "ಆ ಓವರ್ಸಿಯರು ಯಾವ ಮಂದಿ ಗೊತ್ತೈತೇನ್ರಿ ಬಾಯಾರ?" ಎಂದು ಕೇಳಿಯೂ ಬಿಟ್ಟ. ಹಿಂದಿನ ಸೀಟಿನಿಂದ ಡಾಕ್ಟರು, "ದಾರಿ ನೋಡಿ ನಡಸ್ರಿ, ಬೀರಸಿದ್ದಪ್ಪ" ಎಂದರು. ಅವನ ಕಿವಿ ಬಿಸಿಯಾಯಿತು. ತನಗೆ ಚಹಾ ಕೊಟ್ಟ ಕಪ್ಪಿನ ನೆನಪಾಗಿ ನಾಚಿಕೆಯೂ ಆಯಿತು. ನಾಚಿಕೆಯಾದರೂ ಯೋಚನೆ ಹೋಗಲಿಲ್ಲ.

ಮುಂದೆ ಗಾಡಿ ಕಲಿಯುವ ರವಿವಾರಗಳು ಶುರುವಾದವು. ಅರಭಾವಿಯ ಕಡೆಯ ನೆಟ್ಟನೆಯ ರಸ್ತೆಯಲ್ಲಿ ಡಾಕ್ಟರು ಸ್ಟೇರಿಂಗ್ ಹಿಡಿದು ಕೂಡುವರು, ಬಾಜೂಕ್ಕೆ ಮಾಯಪ್ಪ. ಬೀರಸಿದ್ದಪ್ಪ ಹಿಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಕುಳಿತವನಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಇಲ್ಲಿಂದ ಅವರ ಕತ್ತು ಕಾಣುತ್ತಿತ್ತು, ತುರುಬಿನಿಂದ ತಪ್ಪಿಸಿಕೊಂಡ ಕೂದಲು ಕಾಣುತ್ತಿತ್ತು. ಗಾಡಿ ಜಗ್ಗಿ ಜಗ್ಗಿ ನಿಂತಾಗ ಅವರು ನಗುತ್ತಿದ್ದರು. ಅವರಿಗೆ ಹೀಗೆ ನಗಲು ಬರುತ್ತದೆಂಬುದು ತನಗೆ ಗೊತ್ತೇ ಇರಲಿಲ್ಲವಲ್ಲ! ಕಲಿಯಬೇಕಾದರೆ ನನ್ನನ್ನೇ ಯಾಕೆ ಕೇಳಲಿಲ್ಲ? ಈ ಪ್ರಶ್ನೆ ವಾರವಿಡೀ ಅವನ ಜೊತೆ ಮೂಡಲಗಿಗೆ ಹೋಗಿ ಬರುತ್ತಿತ್ತು.

"ಈಗ ಹೇಳು, ಏನ್ ಹಾಕೂನು?" ದುಂಡಪ್ಪ ಫ್ಲೈವೀಲನ್ನು ಕಾಲಿನಿಂದ ಹೊರಳಿಸಿ ತೋರಿಸಿದ. ಕಾದು ಕಾದು ಅದರ ಮೈಮೇಲೆ ನೀಲಿ ಕಲೆ ಎದ್ದಿತ್ತು, ಕೂದಲೆಳೆಯಂಥ ಬಿರುಕುಗಳಿದ್ದವು. "ಇದನ್ನಽ ಬೆಳಗಾವಿಗೆ ಕಳಿಸಿ ಲೇತಿನ್ಯಾಗ ಸವರಿಸಿ, ಮೊದಲಿನಂಥಾದ್ದಽ ಪ್ಲೇಟ್ ಹಾಕಬಹುದು. ಪೆಡಲ್ ಮೆತ್ತಗ ಇರ್ತೈತಿ. ಆದ್ರ ಕಲಿಯೋರ ಕಾಲಾಗ ಮತ್ತ ಒಂದ ವರ್ಷದಾಗ ಸುಡ್ತೈತಿ. ಇಲ್ಲಾ ಅಂದ್ರ ಇದ ನೋಡು." ಗೋಣಿತಟ್ಟಿನ ಕೆಳಗಿನಿಂದ ಅವನು ಇನ್ನೊಂದು ಸೆಟ್ಟನ್ನು ಎಳೆದ. ಮಿಲಿಟರಿಯ ಹರಾಜಿನಲ್ಲಿ ಬಂದ ಗಾಡಿಯದು. ಫ್ಲೈವೀಲು ದಪ್ಪ, ಪ್ಲೇಟು ಎರಡು ಬೆರಳು ಹೆಚ್ಚು ಅಗಲ, ಅದನ್ನು ಒತ್ತಿ ಹಿಡಿಯಲು ಒಂಬತ್ತು ಗಟ್ಟಿ ಸ್ಪ್ರಿಂಗು. "ಭಾರದ ಫ್ಲೈವೀಲ್ ಐತಿ, ಇಂಜನ್ ಅಷ್ಟ ಲಗೂನ ಬಂದಾಗೂದಿಲ್ಲ. ಎಂಥಾ ಏರಿದ್ರೂ ಎಳೀತೈತಿ. ಪ್ಲೇಟ್ ಜಾರೂದಿಲ್ಲ, ಸುಡೂದಿಲ್ಲ. ಆದ್ರ ಪೆಡಲ್ ಮಾತ್ರ ಗಟ್ಟಿ, ಎತ್ತಿನ ಕಾಲ ಬೇಕು."

ಬೀರಸಿದ್ದಪ್ಪ ಒಂದು ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆ ದಿನ ಮುಂಜಾನೆ ಡಾಕ್ಟರು ಕೈ ತೊಳೆಯುತ್ತ, ತಿರುಗಿ ನೋಡದೆ ಹೇಳಿದ್ದರು: "ನಿಮಗ ಯಾವುದು ಚಲೋ ಅನಸ್ತೈತಿ ಅದನ್ನಽ ಹಾಕಸ್ರಿ. ನನಗೇನ್ ತಿಳೀತೈತಿ ಅದರಾಗ? ನನಗೂ ನಡಸಾಕ ಬರೂವಂಗ ಇರಲಿ, ಅಷ್ಟಽ."

"ದಿನಾ ನಡಸಾವ ನಾನು" ಎಂದ ಬೀರಸಿದ್ದಪ್ಪ. ತನ್ನ ದನಿ ಎಷ್ಟು ಸಹಜವಾಗಿದೆಯೆಂದು ಅವನಿಗೇ ಆಶ್ಚರ್ಯವಾಯಿತು. "ಮಿಲಿಟರಿದ್ದಽ ಹಾಕು."

"ಬಾಯಾರಿಗೆ ಜಡ ಆಗ್ತೈತೆಲ್ಲೋ? ಒಂದ ಕೆಲಸಾ ಮಾಡೂನು, ಒಂಬತ್ತರಾಗ ಮೂರು ಸ್ಪ್ರಿಂಗ್ ತಗದ ಬಿಡ್ತೇನಿ. ನಮ್ಮ ಗಾಡಿಗೆ ಆರು ಸಾಕು. ಅವರ ಕಾಲಿಗೂ ಹಗುರ ಆಗ್ತೈತಿ."

ಬೀರಸಿದ್ದಪ್ಪ ಷೆಡ್ಡಿನ ಹೊರಗೆ ನೋಡಿದ. ಕತ್ತೆಯೊಂದು ಬಿಸಿಲಲ್ಲಿ ಕಾಗದ ತಿನ್ನುತ್ತಿತ್ತು. ಉತ್ತರ ಅವನ ನಾಲಿಗೆಯ ಮೇಲೆ ಮೊದಲೇ ಬಂದು ಕುಳಿತಿತ್ತು.

"ಬ್ಯಾಡ. ಒಂಬತ್ತೂ ಇರಲಿ."

ಗಾಡಿ ತಯಾರಾದ ದಿನ ಗೋಕಾಕದ ಏರಿನಲ್ಲಿ ಅದು ಎತ್ತಿನಂತೆ ಎಳೆಯಿತು. ಡಾಕ್ಟರು ಹಿಂದಿನಿಂದ, "ಭಾಳ ಚಲೋ ಆಗೇತ್ರಿ" ಎಂದರು. ರವಿವಾರ ಅರಭಾವಿಯ ರಸ್ತೆಯಲ್ಲಿ ಅವರು ಚಪ್ಪಲಿ ಬಿಟ್ಟು, ಸೀಟನ್ನು ಮುಂದೆ ಸರಿಸಿ, ಬೆನ್ನಿಗೆ ದಿಂಬಿಟ್ಟುಕೊಂಡು ಒತ್ತಿದರು. ಪೆಡಲು ಅರ್ಧಕ್ಕೆ ಇಳಿದು ನಿಂತಿತು. ಇನ್ನೊಮ್ಮೆ ಒತ್ತಿದಾಗ ತಳ ಮುಟ್ಟಿತು, ಆದರೆ ಹಿಡಿದಿಡಲಾಗದೆ ಮೊಣಕಾಲು ನಡುಗಿ ಕಾಲು ಜಾರಿತು. ಗಾಡಿ ಕಪ್ಪೆಯಂತೆ ಹಾರಿ ನಿಂತುಬಿಟ್ಟಿತು. ಮಾಯಪ್ಪನೂ ಕುಳಿತು ನೋಡಿದ. "ಗಟ್ಟಿ ಐತ್ರಿ ಕಾಕಾ, ಸ್ವಲ್ಪ ಸಡ್ಲ ಮಾಡಸಾಕ ಬರೂದಿಲ್ಲೇನು?" ಎಂದು ಕೇಳಿದ. "ಮಿಸ್ತ್ರೀನಽ ಹಿಂಗ ಹಾಕ್ಯಾನ್ರಿ" ಎಂದ ಬೀರಸಿದ್ದಪ್ಪ. ಮೂರು ರವಿವಾರ ಹೀಗೆ ನಡೆಯಿತು. ನಾಲ್ಕನೆಯ ರವಿವಾರ ಡಾಕ್ಟರು ಹೊರಗೆ ಬರಲಿಲ್ಲ, ಹೇಳಿ ಕಳಿಸಿದ್ದರೋ ಏನೋ, ಮಾಯಪ್ಪನೂ ಬರಲಿಲ್ಲ. ಬೀರಸಿದ್ದಪ್ಪ ಅಂಗಳದಲ್ಲಿ ನಿಂತ ಗಾಡಿಯನ್ನು ಎರಡು ಸಲ ಒರೆಸಿದ. ಎದೆ ಹಗುರಾಗಿತ್ತು. ಹಾಡಬೇಕೆನಿಸಿ, ಯಾವ ಹಾಡೂ ನೆನಪಾಗದೆ, ಸುಮ್ಮನೆ ಸಿಳ್ಳೆ ಹಾಕಿದ.

ಸಂಜೆ ಕಾಶೆವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಬಾಯಾರು ಕಲಿಯೂದು ಬಿಟ್ರಂತ? ಚಲೋ ಆತ ಬಿಡ್ರಿ. ಕಲತಿದ್ರ ನಿಮ್ಮನ್ನ ಯಾಕ ಇಟ್ಗೋತಿದ್ರು?" ಅವನು ಆ ಮಾತನ್ನು ಕೈಚಾಚಿ ಹಿಡಿದುಕೊಂಡ. ಹೌದಲ್ಲ, ಹೊಟ್ಟೆಪಾಡು. ಮಕ್ಕಳೊಂದಿಗನಾದವನು ಇಷ್ಟು ಅಂಜುವುದು ತಪ್ಪೇ? ಅಂದಿನಿಂದ ಮನಸ್ಸು ಕೆದಕಿದಾಗಲೆಲ್ಲ ಅದಕ್ಕೆ ಈ ಉತ್ತರ ಕೊಟ್ಟು ಮಲಗಿಸುತ್ತಿದ್ದ. ಆದರೂ ಹುಕ್ಕೇರಿಯ ದಾರಿಯಲ್ಲಿ ಎದುರಿಗೆ ಯಾವುದಾದರೂ ಜೀಪು ಬಂದರೆ ಸಾಕು, ಅವನ ಕಣ್ಣು ಮೊದಲು ಕನ್ನಡಿಗೆ ಹೋಗುತ್ತಿತ್ತು, ಬಾಯಾರು ಎಚ್ಚರಿದ್ದಾರೋ, ಆ ಕಡೆ ನೋಡಿದರೋ ಎಂದು. ಹೊಟ್ಟೆಪಾಡಿಗೆ ಕನ್ನಡಿ ಯಾಕೆ ಬೇಕು ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಎರಡು ತಿಂಗಳು ಕಳೆದವು. ಮೂಡಲಗಿಯಲ್ಲಿ ತಂಗಿಯ ಮಗಳನ್ನು ನೋಡಲು ಬೀಗರು ಬರುವವರಿದ್ದರು. ಬೀರಸಿದ್ದಪ್ಪ ಒಂದು ದಿನದ ಸೂಟಿ ಕೇಳಿಕೊಂಡು ಮುಂಜಾನೆಯ ಬಸ್ಸಿಗೆ ಹೋದ. ಮಧ್ಯಾಹ್ನ ಮೂರಕ್ಕೆ ಮರಳಿ ಬಂದಾಗ ದವಾಖಾನೆಯ ಅಂಗಳದಲ್ಲಿ ಗಾಡಿ ಇರಲಿಲ್ಲ. ಅದು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಇತ್ತು. ಒಂದು ಕ್ಷಣ ಅವನಿಗೆ ಹೊಳೆದದ್ದು ಒಂದೇ: ಮಾಯಪ್ಪ ಬಂದಿದ್ದಾನೆ.

"ಎಲ್ಲಿ ಗಾಡಿ? ಯಾರ ಒಯ್ದ್ರು?" ಎಂದು ಅವನು ಹೆಚ್ಚುಕಡಿಮೆ ಕೂಗಿದ.

ನರ್ಸು ಸಾವಂತ್ರೆವ್ವ ಹೊರಗೆ ಬಂದಳು. "ಬಾಯಾರಽ ಒಯ್ದ್ರು. ಕೌಜಲಗಿಯಿಂದ ಒಬ್ಬ ಸೈಕಲ್ ಮ್ಯಾಲ ಬಂದಿದ್ದ, ಹೆಂಡತಿಗೆ ಬ್ಯಾನಿ ಎದ್ದು ಒಂದ ದಿನಾ ಆಗೇತಿ, ಕೂಸು ಅಡ್ಡ ಐತಿ ಅಂತ. ಬಸ್ ಹೋಗಿಬಿಟ್ಟಿತ್ತು. ಬೀರಸಿದ್ದಪ್ಪ ಇಲ್ಲ, ನಾನಽ ನಡಸ್ತೇನಿ ಅಂದ್ರು. ಅವನನ್ನ ಕುಂಡ್ರಿಸ್ಕೊಂಡು ಹತ್ತಕ್ಕ ಹೋದ್ರು. ಇನ್ನೂ ಸುದ್ದಿ ಇಲ್ಲ."

ಯಾರದೋ ಸೈಕಲ್ಲನ್ನು ಕೇಳದೆಯೇ ಎತ್ತಿಕೊಂಡು ಬೀರಸಿದ್ದಪ್ಪ ಕೌಜಲಗಿಯ ದಾರಿ ಹಿಡಿದ. ಬಿಸಿಲು ಇಳಿಯುತ್ತಿತ್ತು. ಗಾಡಿ ಸುರಕ್ಷಿತ ಮುಟ್ಟಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಅದೇ ಮನಸ್ಸಿನ ಇನ್ನೊಂದು ಮಗ್ಗುಲು, ಮುಟ್ಟಿದ್ದರೆ ಅವರಿಗೆ ನಡೆಸಲು ಬಂತು ಎಂದ ಹಾಗಾಯಿತು ಎಂದು ನೋಯುತ್ತಿತ್ತು. ಎರಡನ್ನೂ ಹೊತ್ತುಕೊಂಡೇ ಅವನು ಪೆಡಲು ತುಳಿದ. ಕೌಜಲಗಿ ಇನ್ನೂ ಒಂದು ಹರದಾರಿ ಇರುವಾಗ, ಸಣ್ಣ ಏರಿನ ನಡುವೆ ಗಾಡಿ ಕಂಡಿತು. ಹಿಂದಿನ ಗಾಲಿ ರಸ್ತೆಯ ಅಂಚು ಬಿಟ್ಟು ಗಟಾರಕ್ಕೆ ಇಳಿದಿತ್ತು. ಹತ್ತಿರದ ಹೊಲದಲ್ಲಿ ಕಳೆ ಕೀಳುತ್ತಿದ್ದ ಮುದುಕಿ ಎದ್ದು ಬಂದು ತಾನಾಗಿಯೇ ಹೇಳಿದಳು: "ಕಬ್ಬಿನ ಚಕ್ಕಡಿ ಸಾಲಹಿಡದ ನಿಂತಿದ್ವಪ್ಪಾ. ಪಾಪ, ಅಕ್ಕಾರು ನಿಂದ್ರಸೂದು, ಮತ್ತ ಎಬ್ಬಸೂದು. ಎಬ್ಬಿಸಿದ್ರ ಹಿಂದಕ್ಕ ಜಾರೂದು. ಎರಡೂ ಕಾಲ ಹಚ್ಚಿ ಒತ್ತಿದ್ರು. ಕಡೀಕ ಗಟಾರದಾಗ ಇಳೀತು. ಚೀಲಾ ಹೊತ್ಗೊಂಡು ನಡಕೋತ ಹೋದ್ರು ನೋಡು, ಆ ಹುಡಗೀ ಗಂಡನ ಕೂಡ."

ಬಾಗಿಲು ತೆರೆದೇ ಇತ್ತು. ಪೆಡಲಿನ ಕೆಳಗೆ ಚಪ್ಪಲಿ ಬಿದ್ದಿದ್ದವು. ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊರಬಿದ್ದ ಅಂಚಿನಲ್ಲಿ ರಕ್ತ ಒಣಗಿತ್ತು. ಬೀರಸಿದ್ದಪ್ಪ ಅದನ್ನು ಅಂಗಿಯ ತುದಿಯಿಂದ ಒರೆಸಿದ, ಹೋಗಲಿಲ್ಲ. ಚಕ್ಕಡಿಯವರನ್ನು ಕೂಗಿ ಕರೆದು ಗಾಡಿಯನ್ನು ಮೇಲೆತ್ತಿಸಿ, ಆ ಜಾಗದ ಮೇಲೆಯೇ ತನ್ನ ಎಡಗಾಲಿಟ್ಟು ಒತ್ತಿದ. ಪೆಡಲು ಇಳಿಯಿತು, ಹೇಳಿದಷ್ಟು ಕೇಳಿತು. ಏರು ಹತ್ತಿತು. ಎಷ್ಟು ಸುಲಭ!

ಕೌಜಲಗಿಯ ಆ ಮನೆಯ ಕಟ್ಟೆಯ ಮೇಲೆ ಡಾಕ್ಟರು ಬರಿಗಾಲಲ್ಲಿ ಕುಳಿತಿದ್ದರು. ಎಡ ಅಂಗಾಲಿಗೆ ಬಟ್ಟೆ ಸುತ್ತಿತ್ತು. ಒಳಗೆ ಹೆಂಗಸರ ಅಳು ತಗ್ಗಿದ ದನಿಯಲ್ಲಿ ನಡೆದಿತ್ತು. ಅವನನ್ನು ನೋಡಿ ಅವರು ಎದ್ದರು.

"ತಾಯಿ ಉಳದಾಳ" ಎಂದರು. "ಗಂಡು ಕೂಸು. ಹೋತು."

ತಿರುಗಿ ಬರುವಾಗ ಅವರು ಹಿಂದೆ ಕೂಡದೆ ಮುಂದೆ, ಅವನ ಬಾಜೂಕ್ಕೆ ಕುಳಿತರು. ಇಷ್ಟು ವರ್ಷ ಬೇಕೆನಿಸಿದ್ದು ಇದೇ ಇರಬಹುದೇ ಎಂಬ ನೀಚ ಯೋಚನೆ ಬೀರಸಿದ್ದಪ್ಪನ ಮನಸ್ಸಿನಲ್ಲಿ ಸುಳಿಯಿತು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಕಬ್ಬಿನ ಚಕ್ಕಡಿಗಳ ಸಾಲು ಮುಗಿದು ರಸ್ತೆ ಖಾಲಿಯಾದಾಗ ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

"ಬಾಯಾರ, ಇದು ನನ್ನ ಕೆಲಸಾರಿ. ಮಿಸ್ತ್ರಿ ಮೂರು ಸ್ಪ್ರಿಂಗ್ ತಗೀತೇನಿ ಅಂದಿದ್ದ. ನಿಮ್ಮ ಕಾಲಿಗೆ ಹಗುರ ಆಗ್ತೈತಿ ಅಂದಿದ್ದ. ನಾನಽ ಬ್ಯಾಡ ಅಂದ್ನಿ."

"ಗೊತ್ತೈತಿ" ಎಂದರು ಡಾಕ್ಟರು.

ಅವನು ತಿರುಗಿ ನೋಡಿದ. ಅವರು ಮುಂದಿನ ಗಾಜಿನಾಚೆ ನೋಡುತ್ತಿದ್ದರು.

"ದುಂಡಪ್ಪ ಕೈಗೆ ಕುರು ಆಗೇತಿ ಅಂತ ಬಂದಿದ್ದ. ಆವತ್ತಽ ಹೇಳಿದ. ನಿಮಗ ನೌಕರಿ ಹೋಗ್ತೈತಿ ಅಂತ ಅಂಜಿಕಿ ಇರಬೇಕು ಅನಕೊಂಡೆ. ಒಂದಿಲ್ಲೊಂದು ದಿನ ನೀವಽ ಹೇಳ್ತೀರಿ ಅಂತ ದಾರಿ ನೋಡಿದೆ. ನಿಮ್ಮ ಮನಸ್ಸು ನೋಯಿಸಬಾರದು ಅಂತ ಸುಮ್ಮನ ಕುಂತೆ." ಕಾಲಿನ ಬಟ್ಟೆ ಸರಿಮಾಡಿಕೊಳ್ಳುತ್ತ, "ಹ್ವಾದ ವರ್ಷ ನೀವು ಜ್ವರದಾಗ ನಡಗಕೋತ ಹುಕ್ಕೇರಿಗೆ ನಡಸಿದ್ರೆಲ್ಲ, ಆವತ್ತಽ ನಾ ಕಲೀಬೇಕು ಅಂತ ಮಾಡಿದ್ದೆ. ನಿಮ್ಮನ್ನ ಕೇಳಿದ್ರ, ನಾ ಇರೂಮಟ ನಿಮಗ್ಯಾಕ ಬೇಕ್ರಿ ಅಂತಿದ್ರಿ. ಅದಕ್ಕ ಮಾಯಪ್ಪಗ ಹೇಳಿದೆ" ಎಂದರು.

"ನೌಕರಿ ಸಲುವಾಗಿ ಅಲ್ರಿ" ಎಂದ ಬೀರಸಿದ್ದಪ್ಪ.

"ಮತ್ತ?"

ಮಾಯಪ್ಪನ ಹೆಸರು ಅವನ ಹಲ್ಲಿನ ಹಿಂದೆ ಬಂದು ನಿಂತಿತ್ತು, ಅದರ ಹಿಂದೆ ಇನ್ನೇನೋ ಇತ್ತು, ಅದಕ್ಕೆ ಈಗಲೂ ಹೆಸರಿರಲಿಲ್ಲ. ಡಾಕ್ಟರು ಮೊದಲ ಸಲ ಅವನ ಮುಖವನ್ನು ನೇರವಾಗಿ, ರೋಗಿಯ ಮುಖ ನೋಡುವಂತೆ, ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ತೆಗೆದು, "ನಡೀರಿ" ಎಂದರು. ದಾರಿಯಲ್ಲಿ ಇನ್ನೊಂದೇ ಮಾತು ಆಡಿದರು: "ಒಂದ ತಾಸು ಮೊದಲ ಮುಟ್ಟಿದ್ರ ಉಳೀತಿತ್ತೋ ಇಲ್ಲೋ, ನನಗ ಗೊತ್ತಿಲ್ಲ. ನಿಮಗ ಸಮಾಧಾನ ಆಗ್ಲಿ ಅಂತ ಹೇಳಾಕತ್ತಿಲ್ಲ. ಖರೇನಽ ಗೊತ್ತಿಲ್ಲ."

ಮರುದಿನ ಅವನೇ ಗಾಡಿಯನ್ನು ದುಂಡಪ್ಪನ ಷೆಡ್ಡಿಗೆ ಒಯ್ದು ಆ ಮೂರು ಸ್ಪ್ರಿಂಗು ತೆಗೆಸಿದ. ಸಂಜೆ ಅರಭಾವಿಯ ರಸ್ತೆಯಲ್ಲಿ ಅವನೇ ಡಾಕ್ಟರ ಬಾಜೂಕ್ಕೆ ಕುಳಿತು, ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು ಎಂದು ಹೇಳಿಕೊಟ್ಟ. ಕಾಲಿನ ಗಾಯ ಮಾಗಿರಲಿಲ್ಲ. ಆದರೂ ಅವರು ಬೇಗ ಕಲಿತರು, ಮೂರನೆಯ ದಿನಕ್ಕೆ ಗಾಡಿ ಜಗ್ಗುವುದು ನಿಂತಿತು. ಆ ಕ್ಷಣದಲ್ಲಿಯೂ ಎದೆಯೊಳಗೆ ಅದೇ ಹಳೇ ಉರಿ ಎದ್ದಿತು. ಇಷ್ಟಾದ ಮೇಲೂ ಅದು ಸತ್ತಿಲ್ಲವೆಂದು ತಿಳಿದು ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ಅವರು ನಗಲಿಲ್ಲ. ಮಾಯಪ್ಪನ ಜೊತೆ ನಕ್ಕಂತೆ ಒಮ್ಮೆಯೂ ನಗಲಿಲ್ಲ.

ಹತ್ತು ದಿನದ ಮೇಲೆ ಬಾಣಂತಿಯನ್ನು ನೋಡಿಬರಲು ಕೌಜಲಗಿಗೆ ಹೊರಟಾಗ ಡಾಕ್ಟರೇ ಗಾಡಿ ನಡೆಸಿದರು. ಏರಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಬೀರಸಿದ್ದಪ್ಪ ಕಟ್ಟೆಯ ಹತ್ತಿರವೇ ನಿಂತ. ಒಳಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಆ ಹುಡುಗಿ, ರಾಯವ್ವ ಎಂದು ಹೆಸರು, ಇಪ್ಪತ್ತೂ ತುಂಬಿರಲಿಕ್ಕಿಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆ ಹಿಡಿದು ತಾನೇ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಬೆಲ್ಲದ ಚಹಾದ ಬಟ್ಟಲಿತ್ತು. ಹಿಂದೆ ಡಾಕ್ಟರು ನಿಂತಿದ್ದರು.

"ನೀವಽ ಏನ್ರಿ ಡ್ರಾಯವ್ಹರ ಅಣ್ಣಾರು?" ಎಂದಳು. "ಆವತ್ತ ನೀವು ಇದ್ದಿದ್ರ ನನ್ನ ಕೂಸು ಉಳೀತಿತ್ತು ಅಂತ ಊರಾಗೆಲ್ಲಾರೂ ಅಂತಾರ್ರಿ. ನಿಮ್ಮಂಗ ಗಾಡಿ ನಡಸಾವ್ರು ಈ ಕಡೆ ಯಾರೂ ಇಲ್ಲಂತ."

ಬೀರಸಿದ್ದಪ್ಪ ಡಾಕ್ಟರ ಕಡೆ ನೋಡಿದ. ಅವರು ಚೀಲದ ಬಕ್ಕಲು ಹಾಕುತ್ತಿದ್ದರು, ತಲೆ ಎತ್ತಲಿಲ್ಲ. ಅವನಿಗೆ ಈಗ ಯಾರೂ ಸಹಾಯ ಮಾಡುವವರಿರಲಿಲ್ಲ.

"ಇಲ್ಲ ತಂಗಿ" ಎಂದ. "ಬಾಯಾರಽ ಲಗೂನ ಮುಟ್ಟತಿದ್ರು. ಗಾಡಿ ಅವರ ಕಾಲಿಗೆ ಬಗ್ಗಬಾರದು ಅಂತ ನಾನಽ ಗಟ್ಟಿ ಮಾಡಿಸಿಟ್ಟಿದ್ನಿ. ಬೇಕಂತಽ ಮಾಡಿಸಿದ್ನಿ. ನಿನ್ನ ಕೂಸಿಗೆ ಹೊತ್ತಾದದ್ದು ನನ್ನಿಂದ."

ರಾಯವ್ವ ಅವನ ಮುಖ ನೋಡಿದಳು. ಕ್ಲಚ್ಚು, ಗಾಡಿ, ಬಗ್ಗುವುದು, ಗಟ್ಟಿ ಮಾಡಿಸುವುದು ಅವಳಿಗೆ ಏನು ತಿಳಿದೀತು? ತನ್ನ ದುಃಖ ನೋಡಲಾರದೆ ದೊಡ್ಡ ಮನುಷ್ಯನೊಬ್ಬ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಾನೆಂದು ತಿಳಿದಳೋ ಏನೋ, ಅವಳ ಕಣ್ಣು ತುಂಬಿ ಬಂದವು.

"ಹಂಗ ಅನಬ್ಯಾಡ್ರಿ ಅಣ್ಣಾ" ಎಂದು ಬಟ್ಟಲನ್ನು ಅವನ ಎರಡೂ ಕೈಗಳಲ್ಲಿ ಇಟ್ಟಳು. "ಕುಡೀರಿ, ಆರ್ತೈತಿ."

ಬೀರಸಿದ್ದಪ್ಪ ಕುಡಿದ. ಅವಳು ಬಟ್ಟಲು ಖಾಲಿಯಾಗುವವರೆಗೂ ಹೊಸ್ತಿಲಲ್ಲೇ ನಿಂತಿದ್ದಳು.